ಕೆಂಚನ ಸಕ್ಕರೆ ಏಕೆ ಏರಿತು?

ನೇಕಾರರ ಮನೆಯಲ್ಲಿ ಬೆಕ್ಕಿಗೂ ಒಂದು ಕೆಲಸ ಇದೆ. ಹಾಸಿನ ನೂಲಿಗೆ ಗಂಜಿ ಹಾಕುತ್ತೇವಲ್ಲ, ಆ ಗಂಜಿಯ ವಾಸನೆಗೆ ಇಲಿ ಬರುತ್ತದೆ. ಇಲಿ ಬಂದರೆ ಎಳೆ ಕಡಿಯುತ್ತದೆ. ಎಳೆ ಕಡಿದರೆ ಕೂಲಿ ಹೋಯಿತು. ಮನೆಯಲ್ಲಿ ಬೆಕ್ಕಿದ್ದರೆ ರಾತ್ರಿ ನೆಮ್ಮದಿಯಾಗಿ ಮಲಗಬಹುದು.

ಅಂಥ ಬೆಕ್ಕಿಗೆ ಕಾಯಿಲೆ ಬಂದರೆ? ಅದೂ ಸಕ್ಕರೆ ಕಾಯಿಲೆ ಬಂದರೆ?

"ಬೆಕ್ಕಿಗೂ ಸಕ್ಕರೆ ಕಾಯಿಲೆ ಬರುತ್ತಾ?" ಎಂದು ನೀವು ನಗಬಹುದು. ಹೌದು, ಬರುತ್ತದೆ. ಮನುಷ್ಯರಿಗೆ ಬರುವ ಹಾಗೆಯೇ ಬರುತ್ತದೆ. ವಯಸ್ಸಾದ, ದಪ್ಪಗಿರುವ ಬೆಕ್ಕುಗಳಿಗೆ ಹೆಚ್ಚು. ಹೆಣ್ಣಿಗಿಂತ ಗಂಡು ಬೆಕ್ಕಿಗೆ ಹೆಚ್ಚು.

ಒಂದು ಮನೆಯ ಕಥೆ

ನೆಗಮಂ ಊರಿನಲ್ಲಿ ಒಂದು ಮಗ್ಗದ ಮನೆ ಇದೆ ಎಂದುಕೊಳ್ಳಿ. ಮನೆಯಲ್ಲಿ ಅತ್ತೆ, ಸೊಸೆ ಇದ್ದಾರೆ. ಅತ್ತೆಗೆ ಸಕ್ಕರೆ ಕಾಯಿಲೆ. ಸೊಸೆ ಕಲಿಕಾ ಕೇಂದ್ರಕ್ಕೆ ಹೋಗಿ ಓದು ಬರಹ ಕಲಿತವಳು. ಅವರ ಬೆಕ್ಕಿನ ಹೆಸರು ಕೆಂಚ. ವಯಸ್ಸು 10, ತೂಕ 4 ಕಿಲೋ. ಮೊದಲು 6 ಕಿಲೋ ಇದ್ದ.

ಕೆಂಚ ತುಂಬಾ ನೀರು ಕುಡಿಯತೊಡಗಿದ. ಪದೇ ಪದೇ ಉಚ್ಚೆ ಹೊಯ್ದ. ಚೆನ್ನಾಗಿ ತಿಂದರೂ ಸೊರಗಿದ. ಉಚ್ಚೆ ಹೊಯ್ದ ಕಡೆ ಇರುವೆ ಮುತ್ತಿದವು. ಇರುವೆಯ ಈ ಗುಟ್ಟು ನಮ್ಮ ಹಳೆಯ ವೈದ್ಯರಿಗೆ ಗೊತ್ತಿತ್ತು. ಅದಕ್ಕೇ ಈ ಕಾಯಿಲೆಗೆ ಮಧುಮೇಹ ಎಂದು ಹೆಸರಿಟ್ಟರು. ಮಧು ಎಂದರೆ ಜೇನು.

ಪಶುವೈದ್ಯರು ಪರೀಕ್ಷೆ ಮಾಡಿದರು. ಸಕ್ಕರೆ ಕಾಯಿಲೆ ಎಂದು ಹೇಳಿದರು. ದಿನಕ್ಕೆ ಎರಡು ಸಲ, 12 ಗಂಟೆಗೊಮ್ಮೆ, 2 ಯೂನಿಟ್ ಇನ್ಸುಲಿನ್ ಬರೆದುಕೊಟ್ಟರು. ಸೊಸೆ ಒಂದು ನೋಟ್ ಪುಸ್ತಕ ತೆರೆದಳು. ಮೂರು ತಿಂಗಳು ಎಲ್ಲಾ ಚೆನ್ನಾಗಿತ್ತು.

ಆಮೇಲೆ ಒಂದು ವಾರ ಹೀಗಾಯಿತು. ಪುಸ್ತಕ ನೋಡಿ:

ಸೋಮವಾರ: ಸಕ್ಕರೆ 190. ನೀರು 150 ಮಿಲಿ. ಚೆನ್ನಾಗಿ ತಿಂದ.
ಬುಧವಾರ: ಸಕ್ಕರೆ 260. ನೀರು 220 ಮಿಲಿ. ಚೆನ್ನಾಗಿ ತಿಂದ.
ಶುಕ್ರವಾರ: ಸಕ್ಕರೆ 310. ನೀರು 280 ಮಿಲಿ. ಅರ್ಧ ತಿಂದ.
ಶನಿವಾರ: ಸಕ್ಕರೆ 360. ನೀರು 300 ಮಿಲಿ. ಅರ್ಧ ತಿಂದ. ಉಚ್ಚೆಗೆ ಹತ್ತು ಸಲ ಹೋದ. ಪ್ರತಿ ಸಲ ಸ್ವಲ್ಪ ಸ್ವಲ್ಪ.

ಅತ್ತೆ ಹೇಳಿದಳು: "ಸಕ್ಕರೆ ಏರಿದ್ರೆ ಮದ್ದೂ ಏರಿಸ್ಬೇಕಲ್ವಾ? 4 ಯೂನಿಟ್ ಹಾಕು."

ಸೊಸೆ ಹೇಳಿದಳು: "ಬೇಡ ಅತ್ತೆ. ಮದ್ದು ಅದೇ, ಊಟ ಅದೇ. ಆದ್ರೂ ಏರಿದೆ ಅಂದ್ರೆ ಬೇರೆ ಏನೋ ಇದೆ. ಡಾಕ್ಟರ ಹತ್ರ ಕರ್ಕೊಂಡು ಹೋಗೋಣ."

ಸೊಸೆ ಹೇಳಿದ್ದು ಸರಿ. ಯಾಕೆ ಸರಿ? ಈಗ ತಿಳಿಯೋಣ.

ಸೋಂಕು ಮತ್ತು ಸಕ್ಕರೆ

ನಾವು ತಿಂದ ಆಹಾರ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಆ ಸಕ್ಕರೆಯನ್ನು ಮೈಯ ಒಳಗಿನ ಭಾಗಗಳಿಗೆ ಸೇರಿಸುವುದು ಇನ್ಸುಲಿನ್ ಕೆಲಸ. ಇನ್ಸುಲಿನ್ ಸಾಲದಿದ್ದರೆ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಉಚ್ಚೆಯಲ್ಲಿ ಹೊರಗೆ ಹೋಗುತ್ತದೆ. ಬೆಕ್ಕಿಗೂ ಹೀಗೇ, ನಮಗೂ ಹೀಗೇ.

ಮೈಯಲ್ಲಿ ಸೋಂಕು ಆದಾಗ ಮೈ ಅದರ ಜೊತೆ ಹೋರಾಡುತ್ತದೆ. ಆ ಹೊತ್ತಿನಲ್ಲಿ ಮೈಯೊಳಗೆ ಕೆಲವು ರಸಗಳು ಹೆಚ್ಚು ಹುಟ್ಟುತ್ತವೆ. ಅವು ಇನ್ಸುಲಿನ್‌ಗೆ ಅಡ್ಡ ನಿಲ್ಲುತ್ತವೆ. ಆಗ ಅದೇ 2 ಯೂನಿಟ್ ಸಾಲುವುದಿಲ್ಲ. ಸಕ್ಕರೆ ಏರುತ್ತದೆ. ಏರಿದ ಸಕ್ಕರೆ ಇನ್ನೊಂದು ಕೇಡು ಮಾಡುತ್ತದೆ. ರೋಗದ ವಿರುದ್ಧ ಹೋರಾಡುವ ಶಕ್ತಿಯನ್ನು ಕುಗ್ಗಿಸುತ್ತದೆ. ಆಗ ಸೋಂಕು ಬೆಳೆಯುತ್ತದೆ. ಸೋಂಕು ಬೆಳೆದಂತೆ ಸಕ್ಕರೆ ಇನ್ನೂ ಏರುತ್ತದೆ. ನೂಲು ಸಿಕ್ಕು ಬಿದ್ದ ಹಾಗೆ. ಎಳೆದಷ್ಟೂ ಸಿಕ್ಕು ಬಿಗಿಯುತ್ತದೆ. ಎಲ್ಲಿ ಸಿಕ್ಕಾಗಿದೆ ಎಂದು ಹುಡುಕಿ ಬಿಡಿಸಬೇಕು.

ಪಶುವೈದ್ಯರು ಕೆಂಚನ ಉಚ್ಚೆ ಪರೀಕ್ಷಿಸಿದರು. ಉಚ್ಚೆಯ ಚೀಲದಲ್ಲಿ ಸೋಂಕು ಇತ್ತು. ಸೋಂಕಿಗೆ ಮಾತ್ರೆ ಕೊಟ್ಟರು. ಇನ್ಸುಲಿನ್ ಅಷ್ಟೇ ಇರಲಿ ಎಂದರು. ಎರಡು ವಾರದಲ್ಲಿ ಸಕ್ಕರೆ ಮತ್ತೆ 190ಕ್ಕೆ ಇಳಿಯಿತು.

ಸೊಸೆ ಅಂದು ಅತ್ತೆಯ ಮಾತು ಕೇಳಿ 4 ಯೂನಿಟ್ ಮಾಡಿದ್ದರೆ? ಸೋಂಕು ವಾಸಿಯಾದ ಕೂಡಲೇ ಆ 4 ಯೂನಿಟ್ ಅತಿಯಾಗುತ್ತಿತ್ತು. ಸಕ್ಕರೆ ಒಮ್ಮೆಲೇ ತೀರಾ ಇಳಿದು ಕೆಂಚ ಸತ್ತೇ ಹೋಗಬಹುದಿತ್ತು. ಕೆಲವು ಸಲ ವೈದ್ಯರೇ ಮದ್ದು ಏರಿಸುತ್ತಾರೆ. ಅವರು ಪರೀಕ್ಷೆ ಮಾಡಿ ಏರಿಸುತ್ತಾರೆ, ಮತ್ತೆ ಇಳಿಸುವ ದಿನವನ್ನೂ ಅವರೇ ಹೇಳುತ್ತಾರೆ. ನಾವಾಗಿ ಏರಿಸಬಾರದು.

ಎಲ್ಲೆಲ್ಲಿ ನೋಡಬೇಕು?

ಬೆಕ್ಕು ನೋವನ್ನು ಬಚ್ಚಿಡುವ ಪ್ರಾಣಿ. ಮೂಲೆ ಹಿಡಿದು ಸುಮ್ಮನೆ ಕೂರುತ್ತದೆ. ಅದಕ್ಕೇ ನಾವೇ ಹುಡುಕಬೇಕು.

ಬಾಯಿ: ಕೆಟ್ಟ ವಾಸನೆ, ಕೆಂಪಾದ ಒಸಡು, ಜೊಲ್ಲು, ಅಗಿಯಲು ಕಷ್ಟ.

ಚರ್ಮ: ಬೇರೆ ಬೆಕ್ಕಿನ ಜೊತೆ ಜಗಳ ಆಡಿ ಬಂದ ಎರಡು ಮೂರು ದಿನಕ್ಕೆ ಬಾವು ಬರಬಹುದು. ಮೇಲೆ ಸಣ್ಣ ಹಲ್ಲಿನ ಗುರುತು, ಒಳಗೆ ಕೀವು. ತಲೆ, ಕಾಲು, ಬಾಲದ ಬುಡ ಸವರಿ ನೋಡಿ.

ಉಚ್ಚೆ: ಪದೇ ಪದೇ ಹೋಗುವುದು, ಕೂಗುವುದು, ರಕ್ತ ಬೀಳುವುದು. ಗಂಡು ಬೆಕ್ಕು ಮುಕ್ಕುತ್ತಾ ಕೂತು ಒಂದು ಹನಿಯೂ ಬಾರದಿದ್ದರೆ ದಾರಿ ಕಟ್ಟಿಕೊಂಡಿದೆ ಎಂದು ಅರ್ಥ. ಅದು ಜೀವಕ್ಕೆ ಅಪಾಯ. ಬೆಳಗಾಗಲಿ ಎಂದು ಕಾಯಬೇಡಿ.

ಹಿಂಗಾಲು: ಸಕ್ಕರೆ ಬಹಳ ದಿನ ಹೆಚ್ಚಿದ್ದರೆ ನರ ಸೊರಗುತ್ತದೆ. ಬೆಕ್ಕು ಬೆರಳ ಮೇಲೆ ನಡೆಯದೆ ಹಿಮ್ಮಡಿ ಊರಿ ನಡೆಯುತ್ತದೆ.

ಸೋಂಕಲ್ಲದೆ ಬೇರೆ ಕಾರಣಗಳು

ಇನ್ಸುಲಿನ್ ಬಿಸಿಲಿಗೆ ಕೆಟ್ಟಿರಬಹುದು. ಕೊಯಮತ್ತೂರು, ತಿರುಪ್ಪೂರು ಕಡೆ ಬೇಸಿಗೆಯ ಬಿಸಿ ಗೊತ್ತಲ್ಲ! ತಗಡಿನ ಮನೆಯಲ್ಲಿ ಸೀಸೆ ಇಟ್ಟರೆ ಮದ್ದು ಸತ್ವ ಕಳೆದುಕೊಳ್ಳುತ್ತದೆ. ಫ್ರಿಜ್ ಇದ್ದರೆ ಅದರ ಬಾಗಿಲಲ್ಲಿ ಇಡಿ. ಐಸ್ ಕಟ್ಟುವ ಖಾನೆಯಲ್ಲಿ ಇಡಬೇಡಿ. ಫ್ರಿಜ್ ಇಲ್ಲವೇ? ದೊಡ್ಡ ಮಣ್ಣಿನ ಮಡಕೆ ತಗೊಳ್ಳಿ. ಅದರೊಳಗೆ ಸಣ್ಣ ಮಡಕೆ ಇಡಿ. ನಡುವೆ ಮರಳು ತುಂಬಿ ನೀರು ಹಾಕಿ. ಸೀಸೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಗಿನ ಮಡಕೆಯಲ್ಲಿ ಇಟ್ಟು ಒದ್ದೆ ಬಟ್ಟೆ ಮುಚ್ಚಿ. ನೆರಳಲ್ಲಿ ಇಡಿ. ಮರಳು ಒಣಗಲು ಬಿಡಬೇಡಿ. ಸೀಸೆ ತೆರೆದ ತಾರೀಕನ್ನು ಅದರ ಮೇಲೆ ಬರೆಯಿರಿ. ಎಷ್ಟು ದಿನ ಬಳಸಬಹುದು ಎಂದು ವೈದ್ಯರನ್ನು ಕೇಳಿ ಅದನ್ನೂ ಬರೆಯಿರಿ.

ಊಟ ಬದಲಾಗಿರಬಹುದು. ಬೆಕ್ಕು ಮಾಂಸ ತಿನ್ನುವ ಪ್ರಾಣಿ. ನಾವು ಹಾಲನ್ನ, ಮೊಸರನ್ನ ಹಾಕುತ್ತೇವೆ. ಅನ್ನ ಹೆಚ್ಚಾದರೆ ಸಕ್ಕರೆ ಏರುತ್ತದೆ. ಬೇಯಿಸಿದ ಮೀನು, ಕೋಳಿ, ಮೊಟ್ಟೆ ಒಳ್ಳೆಯದು. ಉಪ್ಪು, ಖಾರ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ. ಆದರೆ ಇನ್ಸುಲಿನ್ ಹಾಕುವ ಬೆಕ್ಕಿನ ಊಟವನ್ನು ಒಂದೇ ದಿನದಲ್ಲಿ ಬದಲಿಸಬೇಡಿ. ಅನ್ನ ನಿಲ್ಲಿಸಿದರೆ ಮದ್ದಿನ ಅಳತೆಯೂ ಇಳಿಯಬೇಕಾಗಬಹುದು. ವೈದ್ಯರನ್ನು ಕೇಳಿಯೇ ಬದಲಿಸಿ.

ತುರಿಕೆಗೆ ಹಾಕಿಸಿದ ಸ್ಟಿರಾಯ್ಡ್ ಚುಚ್ಚುಮದ್ದಿನಿಂದಲೂ ಸಕ್ಕರೆ ಏರುತ್ತದೆ. ಹಾಕಿಸಿದ್ದರೆ ಮರೆಯದೆ ಹೇಳಿ.

ಬೆದರಿದರೂ ಏರುತ್ತದೆ. ಆರೋಗ್ಯವಾಗಿರುವ ಬೆಕ್ಕಿನ ರಕ್ತದಲ್ಲಿ ಸಕ್ಕರೆ ಸುಮಾರು 80ರಿಂದ 150 ಇರುತ್ತದೆ. ಆಸ್ಪತ್ರೆಯಲ್ಲಿ ನಾಯಿ ಕಂಡು ಬೆದರಿದರೆ ಸಕ್ಕರೆ ಕಾಯಿಲೆ ಇಲ್ಲದ ಬೆಕ್ಕಿಗೂ 300 ತೋರಿಸಬಹುದು. ಅದಕ್ಕೇ ಮನೆಯಲ್ಲಿ ಬರೆದ ಪುಸ್ತಕಕ್ಕೆ ಬೆಲೆ ಹೆಚ್ಚು.

40 ಮತ್ತು 100: ಈ ಅಂಕಿ ಓದಿ

ಅತ್ತೆಯ ಇನ್ಸುಲಿನ್ ಸೀಸೆಯ ಮೇಲೆ 40 ಎಂದಿದೆ. ಕೆಂಚನ ಸೀಸೆಯ ಮೇಲೆ 100 ಎಂದಿದೆ. 40ರ ಮದ್ದಿಗೆ 40ರ ಸಿರಿಂಜ್. ಅದರ ಮುಚ್ಚಳ ಕೆಂಪು. 100ರ ಮದ್ದಿಗೆ 100ರ ಸಿರಿಂಜ್. ಅದರ ಮುಚ್ಚಳ ಕಿತ್ತಳೆ ಬಣ್ಣ. ಬಣ್ಣ ಮಾತ್ರ ನಂಬಬೇಡಿ. ಅಂಕಿಯನ್ನೂ ಓದಿ.

ಅದಲು ಬದಲಾದರೆ ಏನಾಗುತ್ತದೆ? ಲೆಕ್ಕ ಮಾಡೋಣ. 100ರ ಮದ್ದನ್ನು 40ರ ಸಿರಿಂಜ್‌ನಲ್ಲಿ 2ರ ಗೆರೆವರೆಗೆ ಎಳೆದರೆ ಕೆಂಚನಿಗೆ ಹೋಗುವುದು 2 ಯೂನಿಟ್ ಅಲ್ಲ, 5 ಯೂನಿಟ್! ಎರಡೂವರೆ ಪಟ್ಟು. ಒಂದು ಅಂಕಿ ಓದಲು ಬಂದರೆ ಒಂದು ಜೀವ ಉಳಿಯುತ್ತದೆ.

ಕೂಡಲೇ ಓಡಬೇಕಾದ ಹೊತ್ತು

ಸಕ್ಕರೆ ತೀರಾ ಏರಿದಾಗ: ಊಟ ಬಿಡುತ್ತದೆ. ವಾಂತಿ ಮಾಡುತ್ತದೆ. ಏಳಲಾರದೆ ಬಿದ್ದಿರುತ್ತದೆ. ಉಸಿರು ಹಣ್ಣು ಕೊಳೆತ ಹಾಗೆ ನಾರಬಹುದು. ಅದೇ ದಿನ ಆಸ್ಪತ್ರೆಗೆ ಒಯ್ಯಿರಿ.

ಸಕ್ಕರೆ ತೀರಾ ಇಳಿದಾಗ: ತೂರಾಡುತ್ತದೆ. ನಡುಗುತ್ತದೆ. ಫಿಟ್ಸ್ ಬರಬಹುದು. ಯಂತ್ರದಲ್ಲಿ 60ಕ್ಕಿಂತ ಕಡಿಮೆ ತೋರಿಸಿದರೂ ಅಪಾಯವೇ. ಜೇನು ಅಥವಾ ಗಟ್ಟಿ ಸಕ್ಕರೆ ನೀರನ್ನು ಒಸಡಿಗೆ ಸವರಿ. ಗಂಟಲಿಗೆ ಸುರಿಯಬೇಡಿ, ಉಸಿರು ಕಟ್ಟುತ್ತದೆ. ಸವರಿಕೊಂಡೇ ಆಸ್ಪತ್ರೆಗೆ ಹೊರಡಿ.

ಬೆಕ್ಕು ಊಟ ಬಿಟ್ಟ ಹೊತ್ತು ಇನ್ಸುಲಿನ್ ಹಾಕುವ ಮೊದಲು ವೈದ್ಯರಿಗೆ ಫೋನ್ ಮಾಡಿ ಕೇಳಿ.

ಇವನ್ನು ಮಾಡಬೇಡಿ

ಮನೆಯವರ ಸಕ್ಕರೆ ಮಾತ್ರೆ ಬೆಕ್ಕಿಗೆ ಕೊಡಬೇಡಿ. ಜ್ವರದ ಪ್ಯಾರಾಸಿಟಮಾಲ್ ಬೇಡವೇ ಬೇಡ. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ಉಳಿದ ಹಳೆಯ ಸೋಂಕಿನ ಮಾತ್ರೆಯೂ ಬೇಡ. ವೈದ್ಯರು ಕೊಟ್ಟ ಮಾತ್ರೆಯನ್ನು ಗುಣ ಕಂಡಿತು ಎಂದು ಅರ್ಧಕ್ಕೆ ನಿಲ್ಲಿಸಬೇಡಿ. ನೋವಿರುವ ಬೆಕ್ಕು ಕಚ್ಚಬಹುದು. ಕಚ್ಚಿದರೆ 15 ನಿಮಿಷ ಸೋಪು ನೀರಲ್ಲಿ ಗಾಯ ತೊಳೆದು, ಹುಚ್ಚುನಾಯಿ ರೋಗದ ಲಸಿಕೆಗಾಗಿ ಸರ್ಕಾರಿ ಆಸ್ಪತ್ರೆಗೆ ಹೋಗಿ.

ಎಲ್ಲಿ ತೋರಿಸಬೇಕು?

ನಿಮ್ಮ ಊರಿನ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ಹೋಗಿ. ತಿರುಪ್ಪೂರು ಜಿಲ್ಲೆಯ ಉಡುಮಲೈಪೇಟೆಯಲ್ಲಿ 2020ರಲ್ಲಿ ಪಶುವೈದ್ಯ ಕಾಲೇಜು ಶುರುವಾಯಿತು. ಅದು ತಮಿಳುನಾಡು ಪಶುವೈದ್ಯ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ದೊಡ್ಡ ಪರೀಕ್ಷೆ ಬೇಕಾದರೆ ಎಲ್ಲಿಗೆ ಹೋಗಬೇಕು ಎಂದು ನಿಮ್ಮ ವೈದ್ಯರನ್ನೇ ಕೇಳಿ. ಖರ್ಚಿನ ಮಾತನ್ನೂ ಮುಚ್ಚಿಡಬೇಡಿ. ಯಾವ ಪರೀಕ್ಷೆ ಮೊದಲು ಬೇಕು, ಯಾವುದು ಆಮೇಲೆ ಆಗಬಹುದು ಎಂದು ಕೇಳಿ. ಬೇಗ ಚಿಕಿತ್ಸೆ ಶುರುವಾದ ಕೆಲವು ಬೆಕ್ಕುಗಳಿಗೆ ಮುಂದೆ ಇನ್ಸುಲಿನ್ ಬೇಕಾಗುವುದೇ ಇಲ್ಲ.

ಪ್ರಾಣಿಗಳ ಋಣ

ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬ ಇಬ್ಬರು 1921ರಲ್ಲಿ ಇನ್ಸುಲಿನ್ ಪಡೆದರು. ಮೊದಲು ಪ್ರಯೋಗ ನಡೆದದ್ದು ನಾಯಿಗಳ ಮೇಲೆ. 1922ರ ಜನವರಿಯಲ್ಲಿ 14 ವರ್ಷದ ಒಬ್ಬ ಹುಡುಗನಿಗೆ ಹಾಕಿದರು. ಆಮೇಲೆ ಸುಮಾರು 60 ವರ್ಷ ಮನುಷ್ಯರು ಬದುಕಿದ್ದು ದನ, ಹಂದಿಗಳಿಂದ ತೆಗೆದ ಇನ್ಸುಲಿನ್‌ನಿಂದ. ಪ್ರಾಣಿಗಳಿಂದ ನಮಗೆ ಬಂದ ಮದ್ದು ಇದು. ಕೆಂಚನಿಗೆ ಅದನ್ನು ಹಾಕಿದರೆ ಋಣ ತೀರಿಸಿದ ಹಾಗೆ.

ಈ ಪಾಠ ಮನೆಯವರಿಗೂ ಸೇರಿದ್ದು. ಅತ್ತೆಯ ಸಕ್ಕರೆ ಕಾರಣವಿಲ್ಲದೆ ಏರಿದರೆ ಅವಳ ಪಾದ ನೋಡಿ. ಗಾಯ, ಕೀವು, ಉರಿ ಉಚ್ಚೆ, ಹಲ್ಲು ನೋವು ಇದೆಯೇ ಎಂದು ಕೇಳಿ. ಇದ್ದರೆ ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಓದಿದಿರಿ, ಈಗ ಬರೆಯಿರಿ

1. ಕೆಂಚನ ಸಕ್ಕರೆ ಏರಲು ಕಾರಣ ಏನು?
2. ಸೊಸೆ ಮದ್ದು ಏಕೆ ಏರಿಸಲಿಲ್ಲ?
3. 100ರ ಮದ್ದಿಗೆ ಯಾವ ಸಿರಿಂಜ್ ಬಳಸಬೇಕು?
4. ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರು ಯಾರು? ಅವರಿಗಾಗಿ ಒಂದು ಪುಸ್ತಕ ತೆರೆಯಿರಿ. ತಾರೀಕು, ಸಕ್ಕರೆ, ಮದ್ದು, ಊಟ ಎಂದು ನಾಲ್ಕು ಸಾಲು ಹಾಕಿ. ಇವತ್ತಿನದನ್ನು ಇವತ್ತೇ ಬರೆಯಿರಿ.