ಬೋಲ್ಟು ಬಿಗಿದ ತೊಲೆಗಳ ನಡುಕ

ತಿಪಟೂರಿನ ಕಡೆಯವರಿಗೆ ಅಟ್ಟದ ಮೇಲಿನ ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ ನೋಡುವ ಅಭ್ಯಾಸ ಉಂಟು. ತಿಂಗಳುಗಟ್ಟಲೆ ಒಣಗಿ, ಒಳಗಿನ ನೀರು ಇಂಗಿ, ಗಿಟುಕು ಚಿಪ್ಪನ್ನು ಬಿಟ್ಟಿದ್ದರೆ ಲೊಡಲೊಡ ಸದ್ದಾಗುತ್ತದೆ. ಅದೇ ಕಾಯನ್ನು ತೀರ ಮೆಲ್ಲಗೆ ತೂಗಿ ನೋಡಿ. ಸದ್ದಿಲ್ಲ, ಗಿಟುಕು ಚಿಪ್ಪಿನ ಜೊತೆಗೇ ಹೋಗಿ ಬರುತ್ತದೆ. ಜೋರಾಗಿ ಅಲ್ಲಾಡಿಸಿದಾಗ ಮಾತ್ರ ಚಿಪ್ಪಿನ ದಾರಿ ಬೇರೆ, ಗಿಟುಕಿನ ದಾರಿ ಬೇರೆ. ಇಷ್ಟು ಬಲ್ಲವರಿಗೆ, ಬೋಲ್ಟು ಹಾಕಿ ಸೇರಿಸಿದ ಕಬ್ಬಿಣದ ತೊಲೆಗಳು ಹೇಗೆ ನಡುಗುತ್ತವೆಂಬುದು ಅರ್ಥವಾಗದ ವಿಷಯವಲ್ಲ.

ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ನಾರಿನ ಕಾರ್ಖಾನೆಯೊಂದರಲ್ಲಿ, ಬೋಲ್ಟು ಬಿಗಿದ ಚೌಕಟ್ಟಿನ ಮೇಲೆ ಮಟ್ಟೆ ಬಡಿಯುವ ಯಂತ್ರ ಓಡುತ್ತಿದೆಯೆಂದು ಭಾವಿಸಿಕೊಳ್ಳಿ. ಒಂದೇ ತುಂಡಿನ ಉಕ್ಕಿನ ತೊಲೆ, ಸಾಧಾರಣ ನಡುಕದ ಮಟ್ಟಿಗೆ, ಹೇಳಿದ ಮಾತು ಕೇಳುವ ವಸ್ತು. ಬಲ ಎರಡರಷ್ಟಾದರೆ ನಡುಕವೂ ಎರಡರಷ್ಟು. ತಟ್ಟಿ ಬಿಟ್ಟರೆ ಸೆಕೆಂಡಿಗೆ ಎಷ್ಟು ಸಲ ಮಿಡಿಯುವುದೋ ಆ ಎಣಿಕೆ, ಅಂದರೆ ಅದರ ಸಹಜ ಕಂಪನಸಂಖ್ಯೆ, ಮೆಲ್ಲಗೆ ತಟ್ಟಿದರೂ ಜೋರಾಗಿ ತಟ್ಟಿದರೂ ಒಂದೇ. ಎರಡು ತುಂಡುಗಳನ್ನು ಒಂದರ ಮೇಲೊಂದಿಟ್ಟು ಬೋಲ್ಟು ಬಿಗಿದಿರೋ, ಈ ಸರಳ ಲೆಕ್ಕ ಕೆಟ್ಟಿತು.

ಕಾರಣ ಇಷ್ಟೆ. ಬೋಲ್ಟಿನ ಒತ್ತಡ ಅದರ ಸುತ್ತಮುತ್ತ ಹೆಚ್ಚು, ಅಂಚಿಗೆ ಹೋದಂತೆ ಕಡಮೆ. ಅಲ್ಪ ನಡುಕದಲ್ಲಿ ಜೋಡಣೆಯೆಲ್ಲ ಘರ್ಷಣೆಯಿಂದ ಕಚ್ಚಿಕೊಂಡಿರುತ್ತದೆ. ನಡುಕ ಏರಿದಾಗ ಮೊದಲು ಅಂಚು ಜಾರುತ್ತದೆ, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ. ಈ ಜಾರಿಕೆಯಿಂದ ನಡುಕದ ಶಕ್ತಿ ಒಂದಷ್ಟು ಶಾಖವಾಗಿ ಕರಗುತ್ತದೆ, ಅದು ಉಪಕಾರವೇ. ಆದರೆ ಜೋಡಣೆ ಮೆತ್ತಗಾಗಿ ಕಂಪನಸಂಖ್ಯೆಯೂ ಇಳಿಯುತ್ತದೆ. ನಿಂತ ಯಂತ್ರದ ಚೌಕಟ್ಟನ್ನು ತಟ್ಟಿ ನೋಡಿದಾಗ 20 ಬಂದಿತೆನ್ನಿ. ಯಂತ್ರ ಸೆಕೆಂಡಿಗೆ 19 ಸುತ್ತು ತಿರುಗುವುದರಿಂದ ಎರಡೂ ಕೂಡುವುದಿಲ್ಲವೆಂದು ನಿಶ್ಚಿಂತರಾಗುತ್ತೀರಿ. ಓಡತೊಡಗಿದ ಮೇಲೆ ಆ 20 ತಾನೇ 19ಕ್ಕೆ ಇಳಿದು ಬಂದರೆ?

ಆದುದರಿಂದ ಇಂಜಿನಿಯರರು ಜೋಡಣೆಗೆ ಒಂದೇ ಅಂಕಿ ಕೊಟ್ಟು ಸುಮ್ಮನಾಗುವಂತಿಲ್ಲ. ಅಮೆರಿಕದ ಐವಾನ್ 1966ರಲ್ಲಿ ಪ್ರಕಟಿಸಿದ ಮಾದರಿಯಲ್ಲಿ ಅನೇಕ ಸ್ಪ್ರಿಂಗುಗಳು ಸಾಲಾಗಿವೆ; ಒಂದೊಂದರ ಜೊತೆಗೂ ಜಾರುವ ಒಂದು ತುಂಡು. ಒಂದು ಬೇಗ ಜಾರಿದರೆ ಇನ್ನೊಂದು ತಡವಾಗಿ. ಸೀಗಲ್‌ಮನ್ 2005ರಲ್ಲಿ ಇದನ್ನು ನಾಲ್ಕೇ ಅಂಕಿಗಳಿಗೆ ಇಳಿಸಿದರು. ಸೊಗಸಾದ ಕೆಲಸ, ಆದರೂ ಆ ನಾಲ್ಕನ್ನು ಪ್ರಯೋಗದಿಂದಲೇ ಪಡೆಯಬೇಕು. ಅದೇ ಬೋಲ್ಟನ್ನು ಬಿಚ್ಚಿ ಮತ್ತೆ ಬಿಗಿದರೆ ಅಂಕಿ ಬದಲಾಗುವುದೂ ಉಂಟು!

ಜಾರಿಕೆ ಅಂಚಿನಲ್ಲೇ ನಿಲ್ಲದೆ ಜೋಡಣೆಯನ್ನೆಲ್ಲ ಹಿಡಿದರೆ ಅಪಾಯ. ಅಡ್ಡಡ್ಡ ಓಲಾಟಕ್ಕೆ ನಟ್ಟು ತಾನಾಗಿ ಬಿಚ್ಚಿಕೊಳ್ಳುವುದೆಂದು ಜರ್ಮನಿಯ ಯುಂಕರ್ 1969ರಲ್ಲಿ ತೋರಿಸಿದರು. ಬಿಗಿ ಇಳಿದಷ್ಟೂ ಜಾರಿಕೆ ಹೆಚ್ಚು, ಜಾರಿದಷ್ಟೂ ಬಿಗಿ ಕಡಮೆ. ಮಟ್ಟೆ ಹಾಕುವವರು ನಿಂತಿರುವುದು ಆ ಚೌಕಟ್ಟಿನ ಪಕ್ಕದಲ್ಲೇ.

ನಿಮ್ಮ ಮನೆಯವರದೋ ನಂಟರದೋ ಇಂಥ ಯಂತ್ರವಿದ್ದರೆ, ಬಿಗಿದ ನಟ್ಟಿನಿಂದ ತೊಲೆಯವರೆಗೆ ಬಣ್ಣದ ಒಂದು ಗೆರೆ ಎಳೆಯಲು ಹೇಳಿ. ಗೆರೆ ತುಂಡಾಗಿ ಕಂಡರೆ ನಟ್ಟು ತಿರುಗಿದೆಯೆಂದು ಅರ್ಥ. ತಿರುಗದೆಯೂ ಬಿಗಿ ಇಳಿಯಬಹುದಾದ್ದರಿಂದ, ಯಂತ್ರ ಪೂರ್ತಿ ನಿಂತ ಮೇಲೆ, ಆಗಾಗ ಸ್ಪ್ಯಾನರ್ ಹಾಕಿಯೂ ನೋಡಲಿ.