ತಾತನ ಕೈಗೆ ಯಾವ ಕ್ಯಾಮೆರಾ?

ಕಳೆದ ರಜೆಯಲ್ಲಿ ನಾವು ಮೂವರು ರೂಮ್‌ಮೇಟ್‌ಗಳು ಬಲಸಮುದ್ರಕ್ಕೆ ಹೋಗಿದ್ದೆವು. ನಮ್ಮಲ್ಲೊಬ್ಬನ ಊರು ಅದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆ ಓಡಾಡಿದವರಿಗೆ ಗೊತ್ತಿರುತ್ತೆ: ಎತ್ತ ನೋಡಿದ್ರೂ ಬಂಡೆ ಬೆಟ್ಟ, ಹುಣಸೆ ಮರ, ಕಡ್ಲೆಕಾಯಿ ಹೊಲ. ಆ ಮನೆಯ ತಾತನಿಗೆ ಎರಡು ವರ್ಷದಿಂದ ಪಾರ್ಕಿನ್ಸನ್ ಕಾಯಿಲೆ. ಹೊಲ, ಸಂತೆ ಅಂತ ಓಡಾಡಿಕೊಂಡಿದ್ದವರು ಈಗ ಜಗಲಿ ಬಿಟ್ಟು ದೂರ ಹೋಗಲ್ಲ.

ತಾತನ ಹತ್ತಿರ ಒಂದು ಕಾಲಕ್ಕೆ ಅಗ್ಫಾ ಕ್ಲಿಕ್-3 ಕ್ಯಾಮೆರಾ ಇತ್ತಂತೆ. ಅದು ಬರೋಡಾದಲ್ಲಿ ತಯಾರಾಗುತ್ತಿದ್ದ ಸರಳ ಡಬ್ಬಿ ಕ್ಯಾಮೆರಾ. 120 ಫಿಲ್ಮಿನ ಒಂದು ಸುರುಳಿಗೆ 12 ಚಿತ್ರ. ಈಗ ಅವರಿಗೊಂದು ಆಸೆ: ಜಗಲಿಗೆ ಬಂದು ಕೂತು ಮಾತಾಡಿಸುವವರದೆಲ್ಲ ಒಂದೊಂದು ಫೋಟೋ ತೆಗೆಯಬೇಕು. ಮನೆಯವರು ಅದಕ್ಕೆ ಅಂತಲೇ ಹೋದ ವರ್ಷ ಒಳ್ಳೆ ಕ್ಯಾಮೆರಾ ಇರುವ ಹೊಸ ಫೋನ್ ತಂದುಕೊಟ್ಟಿದ್ದರು. ಒಂದು ವಾರದಲ್ಲಿ ಅದು ಬೀರು ಸೇರಿತ್ತು. ಯಾಕೆ ತಾತ ಅಂದ್ರೆ, "ಫೋನು ಚೆನ್ನಾಗೈತೆ ಕಣ್ರಪ್ಪ, ನನ್ ಕೈಯೇ ಕೆಟ್ಟೋಗೈತೆ" ಅಂದ್ರು.

ಆ ಮಾತು ನಮಗೆ ತಗುಲಿತು. ಯಂತ್ರ ಬಳಸುವವರಿಗೆ ಹೊಂದದಿದ್ದರೆ ಅದು ಆಯ್ಕೆಯ ತಪ್ಪು, ಬಳಸುವವರ ತಪ್ಪಲ್ಲ. ನಾವು ತರಗತಿಯಲ್ಲಿ ಓದೋದು ಇದನ್ನೇ ತಾನೆ? ಆದರೆ ಕಾಯಿಲೆ ಇರುವ ಹಿರಿಯರು ತಪ್ಪನ್ನೆಲ್ಲ ತಮ್ಮ ಮೇಲೇ ಹಾಕಿಕೊಳ್ಳುತ್ತಾರೆ. ಒಂದು ಸಲ ಹಾಗೆ ಹಾಕಿಕೊಂಡ ಮೇಲೆ ಮತ್ತೆ ಕೇಳೋದೇ ಇಲ್ಲ. ಹಾಗಾಗಿ ಎರಡನೇ ಸಲ ಸರಿಯಾಗಿ ಆರಿಸಬೇಕು ಅಂತ ಕೂತೆವು. ನಿಮ್ಮ ಮನೆಯಲ್ಲೂ ಇಂಥ ತಾತ, ಅಜ್ಜಿ, ದೊಡ್ಡಪ್ಪ ಇದ್ದರೆ ನಾವು ಕಲಿತದ್ದು ಉಪಯೋಗಕ್ಕೆ ಬರಬಹುದು.

ಮೊದಲು ಕೈ ನೋಡಿ

ಮೆಗಾಪಿಕ್ಸೆಲ್, ಜೂಮ್, ಬೆಲೆ ಎಲ್ಲ ಆಮೇಲೆ. ಮೊದಲು ನೋಡಬೇಕಾದ್ದು ಕೈ. ಕೈ ನಡುಕದಲ್ಲೂ ಬೇರೆ ಬೇರೆ ಬಗೆ ಇದೆ. ಪಾರ್ಕಿನ್ಸನ್ ನಡುಕ ಹೆಚ್ಚಾಗಿ ಕೈ ಸುಮ್ಮನಿದ್ದಾಗ ಕಾಣುತ್ತೆ, ಸೆಕೆಂಡಿಗೆ ಸುಮಾರು 4ರಿಂದ 6 ಸಲ. ತೊಡೆ ಮೇಲಿಟ್ಟ ಕೈ ಆಡುತ್ತಿರುತ್ತೆ, ಲೋಟ ಎತ್ತಲು ಹೋದಾಗ ಕಡಿಮೆಯಾಗುತ್ತೆ. ಎಸೆನ್ಶಿಯಲ್ ಟ್ರೆಮರ್ ಅನ್ನೋದು ಇದಕ್ಕೆ ಉಲ್ಟಾ: ಸುಮ್ಮನಿದ್ದಾಗ ಕೈ ನೆಟ್ಟಗಿರುತ್ತೆ, ಏನಾದರೂ ಎತ್ತಿ ಹಿಡಿದಾಗ ನಡುಗುತ್ತೆ. ಎರಡನೆಯವರಿಗೆ ಕ್ಯಾಮೆರಾ ಎತ್ತಿ ಹಿಡಿಯೋದೇ ಕಷ್ಟ, ಸ್ಟ್ಯಾಂಡ್ ಬೇಕು. ಮೊದಲನೆಯವರು ಕೈಯಲ್ಲೇ ಹಿಡಿದು ತೆಗೆಯಬಹುದು, ಆದರೆ ಅಲ್ಲೊಂದು ಗಡುವಿದೆ. ಕೈ ಎತ್ತಿ ಹಿಡಿದಾಗ ನಿಂತ ನಡುಕ ಕೆಲವು ಸೆಕೆಂಡಾದ ಮೇಲೆ ಅನೇಕರಲ್ಲಿ ಮರಳಿ ಬರುತ್ತೆ.

ತಾತನ ಕೈಗೆ ಖಾಲಿ ಲೋಟ ಕೊಟ್ಟು ನೋಡಿದೆವು. ಬಲಗೈಯಲ್ಲಿ ಎಂಟು ಸೆಕೆಂಡಿಗೆ ನಡುಕ ವಾಪಸ್ಸು ಬಂತು. ಎಡಗೈ ಬಹುಪಾಲು ನೆಟ್ಟಗೇ ಇತ್ತು. ಈ ಕಾಯಿಲೆ ಸಾಮಾನ್ಯವಾಗಿ ಒಂದು ಪಕ್ಕದಿಂದಲೇ ಶುರುವಾಗುತ್ತೆ. ಬೀರು ಸೇರಿದ್ದ ಆ ಫೋನಿನಲ್ಲಿ ಬೀಗ ತೆಗೆದು, ಕ್ಯಾಮೆರಾ ಹುಡುಕಿ, ಪರದೆ ಮೇಲಿನ ವೃತ್ತ ಮುಟ್ಟುವಷ್ಟರಲ್ಲಿ ಎಂಟು ಸೆಕೆಂಡು ಕಳೆದೇ ಹೋಗುತ್ತಿತ್ತು. ಕಾಯಿಲೆ ಕೊಟ್ಟ ಸಮಯವನ್ನೆಲ್ಲ ಫೋನು ತಿಂದುಹಾಕುತ್ತಿತ್ತು.

ಇನ್ನೊಂದು ಮಾತು. ಪಾರ್ಕಿನ್ಸನ್ ಇರುವವರಿಗೆ ಮಾತ್ರೆ ಕೆಲಸ ಮಾಡುವ ಹೊತ್ತು, ಅದರ ಪ್ರಭಾವ ಇಳಿಯುವ ಹೊತ್ತು ಅಂತ ದಿನದಲ್ಲೇ ವ್ಯತ್ಯಾಸ ಇರಬಹುದು. ಕ್ಯಾಮೆರಾ ಪರೀಕ್ಷೆಯನ್ನು ಎರಡೂ ಹೊತ್ತಲ್ಲಿ ಮಾಡಿ. ಚೆನ್ನಾಗಿರುವ ಹೊತ್ತಲ್ಲಿ ಮಾತ್ರ ನೋಡಿ ಆರಿಸಿದರೆ ಸಂಜೆ ಅದೇ ಕ್ಯಾಮೆರಾ ಕೈ ಕೊಡುತ್ತೆ.

ಷಟರ್ ಲೆಕ್ಕ

ನಡುಗುವ ಕೈಯಲ್ಲಿ ಚಿತ್ರ ಎಷ್ಟು ಕಲಸುತ್ತೆ ಅಂತ ಲೆಕ್ಕ ಹಾಕಬಹುದು. ಸೆಕೆಂಡಿಗೆ 5 ಸಲದ ನಡುಕ, ಕ್ಯಾಮೆರಾ ಅತ್ತಿತ್ತ ಅರ್ಧ ಡಿಗ್ರಿ ವಾಲುತ್ತೆ ಅಂತಿಟ್ಟುಕೊಳ್ಳಿ. ವಾಲುವ ಗರಿಷ್ಠ ವೇಗ 2 × 3.14 × 5 × 0.5, ಅಂದರೆ ಸೆಕೆಂಡಿಗೆ ಸುಮಾರು 16 ಡಿಗ್ರಿ. ಹಳ್ಳಿ ಮನೆಯ ನಡುಮನೆಯಂಥ ಮಬ್ಬು ಬೆಳಕಲ್ಲಿ ಫೋನು 1/30 ಸೆಕೆಂಡು ಷಟರ್ ತೆರೆದರೆ ಅಷ್ಟರಲ್ಲಿ ಅರ್ಧ ಡಿಗ್ರಿ ತಿರುಗಿರುತ್ತೆ. ಫೋನಿನ ಮುಖ್ಯ ಲೆನ್ಸ್ 65 ಡಿಗ್ರಿ ಅಗಲವನ್ನು 4000 ಪಿಕ್ಸೆಲ್‌ಗೆ ಹರಡುತ್ತೆ ಅಂದುಕೊಂಡರೆ ಡಿಗ್ರಿಗೆ 60 ಪಿಕ್ಸೆಲ್. ಅಲ್ಲಿಗೆ ಚಿತ್ರ 30 ಪಿಕ್ಸೆಲ್ ಕಲಸಿತು. ಕಣ್ಣು, ಮೂಗು ಒಂದಾದವು. ಅದೇ ಬಿಸಿಲಲ್ಲಿ 1/500 ಸೆಕೆಂಡಾದರೆ ಕಲಸುವುದು ಎರಡೇ ಪಿಕ್ಸೆಲ್, ಕಣ್ಣಿಗೆ ಕಾಣಲ್ಲ.

ಇದರಿಂದ ನಾಲ್ಕು ವಿಷಯ ತಿಳಿಯುತ್ತೆ. ಒಂದು, ಜಾಗ ಬದಲಿಸಿದರೇ ಅರ್ಧ ಕೆಲಸ ಆಯಿತು. ನಡುಮನೆ ಬಿಟ್ಟು ಜಗಲಿಯಲ್ಲಿ ತೆಗೆದರೆ ಬೆಳಕು ಎಷ್ಟೋ ಪಟ್ಟು ಹೆಚ್ಚು. ಎರಡು, ಜೂಮ್ ಬೇಡ. 3 ಪಟ್ಟು ಜೂಮ್ ಮಾಡಿದರೆ ನಡುಕವೂ 3 ಪಟ್ಟು ಕಾಣುತ್ತೆ. ಮೂರು, ನೈಟ್ ಮೋಡ್ ಆಫ್ ಮಾಡಿಡಿ. ಅದು ಒಂದೆರಡು ಸೆಕೆಂಡು ಹಲವು ಚಿತ್ರ ತೆಗೆದು ಬೆಸೆಯುತ್ತೆ, ನಡುಗುವ ಕೈಗೆ ಅದಕ್ಕಿಂತ ಕಷ್ಟದ್ದು ಇಲ್ಲ. ನಾಲ್ಕು, ಫ್ಲ್ಯಾಶ್ ಒಳ್ಳೆಯದೇ. ನಿಜವಾದ ಕ್ಸೆನಾನ್ ಫ್ಲ್ಯಾಶ್ ಸೆಕೆಂಡಿನ ಸಾವಿರದ ಒಂದು ಭಾಗದಷ್ಟೇ ಹೊತ್ತು ಮಿನುಗುತ್ತೆ, ನಡುಕ ಅಲ್ಲೇ ನಿಂತುಬಿಡುತ್ತೆ. ಫೋನಿನ ಎಲ್‌ಇಡಿ ದೀಪಕ್ಕೆ ಆ ಶಕ್ತಿ ಇಲ್ಲ.

ಓಐಎಸ್ ಇದೆಯಲ್ಲ ಅಂತ ನೀವು ಕೇಳಬಹುದು. ಗೈರೊ ಸೆನ್ಸರ್ ಅಲುಗಾಟ ಅಳೆದು, ಪುಟ್ಟ ಕಾಯಿಲ್‌ಗಳು ಲೆನ್ಸನ್ನೋ ಸೆನ್ಸರನ್ನೋ ಎದುರು ದಿಕ್ಕಿಗೆ ಸರಿಸುವ ವ್ಯವಸ್ಥೆ ಅದು. ಇರಲಿ, ಸಹಾಯ ಆಗುತ್ತೆ. ಆದರೆ ಅದು ಸರಿಯುವ ದೂರಕ್ಕೆ ಮಿತಿ ಇದೆ, ಅದನ್ನು ರೂಪಿಸಿರುವುದು ಮಾಮೂಲಿ ಕೈಯ ಸಣ್ಣ ಅಲುಗಾಟಕ್ಕೆ. ಕಾಯಿಲೆಯ ನಡುಕ ಜೋರಾದಾಗ ಅದೊಂದನ್ನೇ ನಂಬಬೇಡಿ.

ಗುಂಡಿ, ಕಣ್ಣು, ಕುತ್ತಿಗೆ

ನಡುಗುವ ಬೆರಳು ಪರದೆಯನ್ನು ಒಂದು ಸಲ ಮುಟ್ಟಲು ಹೋಗಿ ಮೂರು ಸಲ ಮುಟ್ಟುತ್ತೆ. ನಿಧಾನಕ್ಕೆ ಒತ್ತಿದರೆ ಫೋನು ಅದನ್ನು ಲಾಂಗ್ ಪ್ರೆಸ್ ಅಂದುಕೊಂಡು ಬೇರೇನೋ ತೆರೆಯುತ್ತೆ. ಹೊಲದ ಕೆಲಸ ಮಾಡಿ ಒರಟಾಗಿ ಒಣಗಿದ ಬೆರಳನ್ನು ಟಚ್‌ಸ್ಕ್ರೀನ್ ಕೆಲವು ಸಲ ಗುರುತಿಸುವುದೇ ಇಲ್ಲ. ಒತ್ತಿದ್ದು ಬೆರಳಿಗೆ ಗೊತ್ತಾಗುವ ನಿಜವಾದ ಗುಂಡಿ ಬೇಕು. ಇಲ್ಲಿ ಇನ್ನೊಂದು ತೊಡಕು: ಕ್ಯಾಮೆರಾಗಳ ಗುಂಡಿ ಹೆಚ್ಚುಕಮ್ಮಿ ಯಾವಾಗಲೂ ಬಲಗೈಗೇ. 1930ರ ದಶಕದ ಜರ್ಮನಿಯ ಎಕ್ಸಾಕ್ಟಾದಲ್ಲಿ ಅದು ಎಡಗಡೆ ಇತ್ತು, ಆದರೆ ಅಂಥವು ತೀರ ಅಪರೂಪ. ಬಲಗೈ ಕೆಟ್ಟವರಿಗೆ ಅಂಗಡಿಯ ಬಹುತೇಕ ಕ್ಯಾಮೆರಾಗಳು ಇದೊಂದೇ ಕಾರಣಕ್ಕೆ ಆಗಿಬರಲ್ಲ.

ಕಣ್ಣಿನ ವಿಷಯಕ್ಕೆ ಬಂದರೆ, ಪೊರೆ ಇರುವವರಿಗೆ ಬಿಸಿಲಲ್ಲಿ ಪರದೆ ಬರೀ ಬೆಳ್ಳಗೆ ಕಾಣುತ್ತೆ. ಚಾಳೀಸು ಬಂದವರು ಪರದೆ ನೋಡಲು ಓದುವ ಕನ್ನಡಕ ಹಾಕಬೇಕು, ಎದುರಿನ ಮನುಷ್ಯನನ್ನು ನೋಡಲು ತೆಗೆಯಬೇಕು. ಕಣ್ಣಿಟ್ಟು ನೋಡುವ ಗಾಜಿನ ವ್ಯೂಫೈಂಡರ್ ಇದ್ದರೆ ಈ ಕಾಟ ಇಲ್ಲ. ಅದರೊಳಗೆ ಚಿತ್ರ ದೂರದಲ್ಲಿರುವಂತೆಯೇ ಕಾಣುತ್ತೆ.

ಕುತ್ತಿಗೆಯನ್ನೂ ಮರೆಯಬೇಡಿ. ಪಾವಗಡ, ಮಧುಗಿರಿ, ಶಿರಾ ಕಡೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ವರ್ಷಾನುಗಟ್ಟಲೆ ಹೆಚ್ಚು ಫ್ಲೋರೈಡ್ ನೀರು ಕುಡಿದವರಲ್ಲಿ ಬೆನ್ನು, ಕುತ್ತಿಗೆ, ಕೀಲುಗಳು ಬಿಗಿದುಕೊಳ್ಳಬಹುದು. ಅಂಥವರಿಗೆ ಕ್ಯಾಮೆರಾ ಕಣ್ಣಿಗೆತ್ತಿ ಹಿಡಿ ಅನ್ನೋದೇ ತಪ್ಪು. ಮಡಿಲಲ್ಲಿಟ್ಟು ಮೇಲಿನಿಂದ ನೋಡುವಂತೆ ಮಡಚುವ ಪರದೆ ಬೇಕು, ಇಲ್ಲವೇ ಸ್ಟ್ಯಾಂಡ್ ಮತ್ತು ರಿಮೋಟ್.

ಏನೇನು ಸಿಗುತ್ತೆ

ಸಣ್ಣ ಡಿಜಿಟಲ್ ಕ್ಯಾಮೆರಾ ಒಂದು ಕಾಲದಲ್ಲಿ ಸುಲಭದ ಉತ್ತರವಾಗಿತ್ತು. 2010ರಲ್ಲಿ ಜಗತ್ತಿನಾದ್ಯಂತ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾ ರವಾನೆಯಾಗಿದ್ದವು. ಫೋನ್ ಬಂದ ಮೇಲೆ ಆ ಸಂಖ್ಯೆ ಕೋಟಿಗಿಂತ ಕೆಳಗಿಳಿಯಿತು. ಈಗ ಹೊಸ ಮಾದರಿ ಕಡಿಮೆ, ಆದರೆ ಎಷ್ಟೋ ಮನೆಗಳ ಬೀರುವಿನಲ್ಲಿ ಹಳೆಯದೊಂದು ಇದ್ದೇ ಇರುತ್ತೆ. ಅದರಲ್ಲಿ ಕ್ಸೆನಾನ್ ಫ್ಲ್ಯಾಶ್, ನಿಜವಾದ ಗುಂಡಿ ಎರಡೂ ಇವೆ. ಮಾಮೂಲಿ ಎಎ ಸೆಲ್ ಹಾಕುವಂಥದ್ದಾದರೆ ಇನ್ನೂ ಅನುಕೂಲ, ಸೆಲ್ ಹಳ್ಳಿ ಅಂಗಡಿಯಲ್ಲೂ ಸಿಗುತ್ತೆ. ಮೋಡ್ ಡಯಲನ್ನು ಆಟೋಗೆ ಇಟ್ಟು ಟೇಪ್ ಅಂಟಿಸಿಬಿಡಿ.

ಇನ್ಸ್ಟಾಕ್ಸ್ ಥರದ ಇನ್‌ಸ್ಟಂಟ್ ಕ್ಯಾಮೆರಾದಲ್ಲಿ ಒತ್ತಿದ ತಕ್ಷಣ ಹಾಳೆ ಹೊರಬರುತ್ತೆ, ಒಂದೂವರೆ ನಿಮಿಷದಲ್ಲಿ ಚಿತ್ರ ಮೂಡುತ್ತೆ. ಇನ್ಸ್ಟಾಕ್ಸ್ ಮಿನಿ ಚಿತ್ರದ ಅಳತೆ 62 × 46 ಮಿಲಿಮೀಟರ್. ಮೆನು ಇಲ್ಲ, ಗ್ಯಾಲರಿ ಇಲ್ಲ, ಎದುರಿಗೆ ಕೂತವರ ಕೈಗೆ ಫೋಟೋ ಕೊಡಬಹುದು. ತೊಂದರೆಗಳೂ ಇವೆ. ಒಂದು ಪ್ಯಾಕಿಗೆ 10 ಹಾಳೆ, ಹಾಳೆಗೆ ಹತ್ತಾರು ರೂಪಾಯಿ. ಮಿನಿ 12 ಮಾದರಿಯಲ್ಲಿ ಲೆನ್ಸ್ ತಿರುಗಿಸಿ ಆನ್ ಮಾಡಬೇಕು, ಬಿಗಿದ ಬೆರಳಿಗೆ ಅದು ಕಷ್ಟ. ಬೇಸಿಗೆಯ ಬಿಸಿಗೆ ಫಿಲ್ಮ್ ಕೆಡುತ್ತೆ, ತಣ್ಣಗಿರುವ ಕಡೆ ಇಡಬೇಕು.

ಗುಂಡಿ ಒತ್ತುವುದೇ ಆಗದವರಿಗೆ ತಾನಾಗಿಯೇ ತೆಗೆಯುವ ಕ್ಯಾಮೆರಾ ಇದೆ. ಮೈಕ್ರೋಸಾಫ್ಟ್‌ನ ಕೇಂಬ್ರಿಡ್ಜ್ ಸಂಶೋಧಕರು ಸೆನ್ಸ್‌ಕ್ಯಾಮ್ ಅನ್ನುವ, ಕೊರಳಿಗೆ ತೂಗುಹಾಕುವ ಕ್ಯಾಮೆರಾ ಮಾಡಿದ್ದರು. ಬೆಳಕು, ಚಲನೆ ಬದಲಾದಾಗ ಅದು ತಾನೇ ಚಿತ್ರ ತೆಗೆಯುತ್ತಿತ್ತು. ನೆನಪಿನ ಶಕ್ತಿ ಕಳೆದುಕೊಂಡಿದ್ದ 63 ವರ್ಷದ ಮಹಿಳೆಯೊಬ್ಬರು ಆ ಚಿತ್ರಗಳನ್ನು ಮತ್ತೆ ಮತ್ತೆ ನೋಡಿದಾಗ ನಡೆದದ್ದು ಹೆಚ್ಚು ನೆನಪಿನಲ್ಲಿ ಉಳಿಯಿತು ಅಂತ 2007ರಲ್ಲಿ ವರದಿಯಾಯಿತು. ಆದರೆ ಮನೆಗೆ ಬಂದವರನ್ನು ಕೇಳದೇ ಚಿತ್ರ ತೆಗೆಯುವುದು ಸರಿಯೇ ಅನ್ನೋದನ್ನೂ ಯೋಚಿಸಬೇಕು.

ಕೊನೆಗೆ ಆರಿಸಿದ್ದು

ಮೂರು ಕ್ಯಾಮೆರಾ ಜಗಲಿ ಮೇಲಿಟ್ಟೆವು: ಹಳೆ ಡಿಜಿಟಲ್, ಗೆಳತಿಯೊಬ್ಬಳಿಂದ ಎರವಲು ತಂದ ಇನ್‌ಸ್ಟಂಟ್, ಮತ್ತು ಬೀರುವಿನ ಅದೇ ಫೋನು. ಇನ್‌ಸ್ಟಂಟ್ ಕ್ಯಾಮೆರಾ ನೋಡಿ ತಾತ ನಕ್ಕರು, "ಇದು ನಮ್ ಕ್ಲಿಕ್ ತ್ರೀ ಮೊಮ್ಮಗ" ಅಂದ್ರು. ಆದರೆ ಹಾಳೆಯ ಬೆಲೆ ಕೇಳಿದ ಮೇಲೆ ಒತ್ತಲು ಹಿಂಜರಿದರು. ಖರ್ಚಿನ ಭಯದಲ್ಲಿ ಯಾರೂ ಖುಷಿಯಾಗಿ ಫೋಟೋ ತೆಗೆಯಲ್ಲ. ಹಳೆ ಡಿಜಿಟಲ್ ಬಲಗೈಯದು.

ಗೆದ್ದದ್ದು ಫೋನೇ, ಆದರೆ ಅದನ್ನು ಬೇರೆ ಯಂತ್ರವನ್ನಾಗಿ ಮಾಡಿದ ಮೇಲೆ. ಪವರ್ ಗುಂಡಿ ಎರಡು ಸಲ ಒತ್ತಿದರೆ ಬೀಗ ತೆಗೆಯದೇ ಕ್ಯಾಮೆರಾ ತೆರೆಯುವಂತೆ, ವಾಲ್ಯೂಮ್ ಗುಂಡಿ ಒತ್ತಿದರೆ ಚಿತ್ರ ಬೀಳುವಂತೆ ಇಟ್ಟೆವು. ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಮರುಮುಟ್ಟುವಿಕೆ ಲೆಕ್ಕಕ್ಕಿಡದಂತೆ ಮಾಡಿದೆವು. ಪರದೆಯಿಂದ ಮಿಕ್ಕ ಆ್ಯಪ್ ಎಲ್ಲ ತೆಗೆದೆವು. ತೆಳು ಫೋನು ಜಾರುತ್ತೆ ಅಂತ ದಪ್ಪ ರಬ್ಬರ್ ಕವರ್, ಮಣಿಕಟ್ಟಿಗೆ ದಾರ. ಫೋನನ್ನು ತಿರುಗಿಸಿ ಹಿಡಿದರೆ ವಾಲ್ಯೂಮ್ ಗುಂಡಿ ಎಡಗೈ ಬೆರಳಿಗೆ ಸಿಗುತ್ತೆ. ಒಟ್ಟು ಖರ್ಚು ಕವರ್ ಮತ್ತು ದಾರದ್ದು. ಎತ್ತಿದಲ್ಲಿಂದ ಚಿತ್ರದವರೆಗೆ ನಾಲ್ಕು ಸೆಕೆಂಡು.

ಮೊದಲ ಫೋಟೋ ಅಜ್ಜಿಯದು, ಕಡ್ಲೆಕಾಯಿ ಬಿಡಿಸುತ್ತಾ ಕೂತದ್ದು. ಸ್ವಲ್ಪ ವಾಲಿತ್ತು. ಮುಖ ಸ್ಪಷ್ಟವಾಗಿತ್ತು.

ಉಳಿದ ಕೆಲಸ

1888ರಲ್ಲಿ ಜಾರ್ಜ್ ಈಸ್ಟ್‌ಮನ್ ಮೊದಲ ಕೊಡಕ್ ಕ್ಯಾಮೆರಾ ಮಾರಿದಾಗ ಅದರೊಳಗೆ 100 ಚಿತ್ರದ ಸುರುಳಿ ಹಾಕಿಯೇ ಕೊಡುತ್ತಿದ್ದರು. ಮುಗಿದ ಮೇಲೆ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳಿಸಬೇಕು, ಅವರು ಚಿತ್ರ ತೊಳೆದು, ಹೊಸ ಸುರುಳಿ ಹಾಕಿ ವಾಪಸ್ಸು ಕಳಿಸುತ್ತಿದ್ದರು. ಗುಂಡಿ ಒತ್ತೋದು ನೀವು, ಮಿಕ್ಕಿದ್ದು ನಾವು ಅನ್ನೋದೇ ಅವರ ಜಾಹೀರಾತು. ಅಷ್ಟು ಸುಲಭದ ಕ್ಯಾಮೆರಾ ಸಾಧ್ಯವಾದದ್ದು ಮಿಕ್ಕ ಕೆಲಸವನ್ನು ಬೇರೆಯವರು ವಹಿಸಿಕೊಂಡದ್ದರಿಂದ.

ಈಗ ಆ ಕಾರ್ಖಾನೆ ನಾವೇ ಆಗಬೇಕು. ಚಾರ್ಜ್ ಹಾಕೋದು, ಚಿತ್ರ ಕಾಪಿ ಮಾಡೋದು, ಅಪ್‌ಡೇಟ್ ಆದ ಮೇಲೆ ಕೆಟ್ಟ ಸೆಟ್ಟಿಂಗ್ ಸರಿಮಾಡೋದು, ಎಲ್ಲಕ್ಕಿಂತ ಹೆಚ್ಚಾಗಿ ಚಿತ್ರವನ್ನು ಕಾಗದದ ಮೇಲೆ ತಂದುಕೊಡೋದು. ಫೋನಿನೊಳಗೇ ಉಳಿದ ಫೋಟೋ ತಾತನ ಪಾಲಿಗೆ ತೆಗೆಯದ ಫೋಟೋ. ನಾವು ಹಾಸ್ಟೆಲಿಗೆ ಮರಳಬೇಕಿತ್ತು, ಹಾಗಾಗಿ ಪಕ್ಕದ ಮನೆಯ ಒಂಬತ್ತನೇ ಕ್ಲಾಸಿನ ಹುಡುಗನಿಗೆ ಎಲ್ಲ ಹೇಳಿಕೊಟ್ಟು ಬಂದೆವು. ತಿಂಗಳಿಗೊಮ್ಮೆ ಮಧುಗಿರಿಯ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ತರುವುದು ಅವನ ಕೆಲಸ.

ಈ ಆಯ್ಕೆ ಶಾಶ್ವತ ಅಲ್ಲ. ಎಡಗೈಗೂ ನಡುಕ ಬಂದರೆ ಜಗಲಿ ಕಂಬಕ್ಕೆ ಫೋನು ಕಟ್ಟಿ ಬ್ಲೂಟೂತ್ ಗುಂಡಿ ಕೊಡಬೇಕಾಗುತ್ತೆ. ಅದಕ್ಕೇ ಆರು ತಿಂಗಳಿಗೊಮ್ಮೆ ಲೋಟದ ಪರೀಕ್ಷೆ ಮತ್ತೆ ಮಾಡೋಣ ಅಂತ ಮಾಡಿದ್ದೇವೆ. ಇಂಟರ್ನಲ್ಸ್ ಮುಗಿದ ಮೇಲೆ ನೀವೂ ಊರಿಗೆ ಹೋಗ್ತೀರಲ್ಲ, ಒಂದು ಲೋಟ ಕೈಗೆ ಕೊಟ್ಟು ಸೆಕೆಂಡು ಎಣಿಸಿ ನೋಡಿ. ಅಂಗಡಿಗೆ ಹೋಗುವುದು ಆಮೇಲೆ. ಹೋದ ವಾರ ಆ ಹುಡುಗ ಕಳಿಸಿದ ಮೆಸೇಜಿನ ಪ್ರಕಾರ ತಾತ ಇಲ್ಲಿಯವರೆಗೆ 43 ಜನರ ಫೋಟೋ ತೆಗೆದಿದ್ದಾರೆ. ನಮ್ಮ ಮೂವರದು ಬಾಕಿ ಇದೆಯಂತೆ, ಬರೋಕೆ ಹೇಳಿದ್ದಾರೆ.