ಬಟಾಟಿಗೆ ಮಿಕ್ಸರ್ ಬೇಡ

ಬೇಯಿಸಿದ ಬಟಾಟಿಯನ್ನು ಮಿಕ್ಸರಿಗೆ ಹಾಕಿ ತಿರುಗಿಸಿದರೆ ಬೆಣ್ಣೆಯಂಥ ಮುದ್ದೆ ಸಿಗುವುದಿಲ್ಲ. ಗೋಡೆಗೆ ಕಾಗದ ಹಚ್ಚುವ ಮೈದಾ ಸರಿಯಂಥ ಜಿಗುಟು ಸಿಗುತ್ತದೆ. ಹಾನಗಲ್ಲ ತಾಲೂಕಿನ ಆಡೂರಿನ ಕಡೆಯ ಮನೆಗಳಲ್ಲಿ ಇದಕ್ಕೆ ಮಿಕ್ಸರಿಗಿಂತ ಒಳ್ಳೆಯ ಸಾಧನ ಮೊದಲೇ ಇದೆ. ಅದು ಶ್ಯಾವಿಗೆ ಒತ್ತುವ ಒರಳು.

ಬಟಾಟಿಯ ತೂಕದಲ್ಲಿ ನೂರಕ್ಕೆ 75ರಿಂದ 80 ಭಾಗ ನೀರು. ಉಳಿದುದರಲ್ಲಿ ಬಹುಪಾಲು ಪಿಷ್ಟ. ಈ ಪಿಷ್ಟ ಸಣ್ಣ ಕಣಗಳಾಗಿ ಜೀವಕೋಶಗಳ ಒಳಗಿರುತ್ತದೆ. ಬಿಸಿ ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಕಣಗಳು ಕೋಶದೊಳಗಿನ ನೀರನ್ನೇ ಹೀರಿ ಉಬ್ಬುತ್ತವೆ. ಬಿಸಿ ಇನ್ನೂ ಏರಿದರೆ ಕೋಶಗಳನ್ನು ಬೆಸೆದಿದ್ದ ಪೆಕ್ಟಿನ್ ಕರಗುತ್ತದೆ. ಆಗ ಒತ್ತಿದರೆ ಕೋಶಗಳು ಒಡೆಯದೆ ಬಿಡಿಬಿಡಿಯಾಗಿ ಜಾರುತ್ತವೆ. ನಾಲಿಗೆಗೆ ಹತ್ತುವ ನುಣುಪು ಅದೇ. ಮಿಕ್ಸರಿನ ಬ್ಲೇಡು ಕೋಶಗಳನ್ನು ಹರಿಯುತ್ತದೆ, ಒಳಗಿನ ಪಿಷ್ಟದ ಅಂಶವಾದ ಅಮೈಲೋಸ್ ಹೊರಬಿದ್ದು ಅಂಟಾಗುತ್ತದೆ. ಒರಳಿನ ತೂತುಗಳಲ್ಲಿ ಬಟಾಟಿ ಒಂದೇ ಸಲ ಹಾದುಹೋಗುವುದರಿಂದ ಕೋಶಗಳಿಗೆ ಪೆಟ್ಟು ಕಡಿಮೆ. ಬಿಸಿ ಇರುವಾಗಲೇ ಒತ್ತಬೇಕು.

ಬಟಾಟಿಯ ಜಾತಿಯೂ ಮುಖ್ಯ. ಹಾಸನದ ರೈತರು ಮಳೆಗಾಲದಲ್ಲಿ ಹೆಚ್ಚಾಗಿ ಬೆಳೆಯುತ್ತ ಬಂದಿರುವ ಕುಫ್ರಿ ಜ್ಯೋತಿ 1968ರಲ್ಲಿ ಬಿಡುಗಡೆಯಾದ ತಳಿ. ಆದರೆ ಒಂದೇ ತಳಿಯಲ್ಲೂ ಎಳೆಯದಕ್ಕೂ ಬಲಿತದ್ದಕ್ಕೂ ಪಿಷ್ಟದ ಪ್ರಮಾಣ ಬೇರೆ. ಒಂದು ಪಾಲು ಉಪ್ಪಿಗೆ ಹನ್ನೊಂದು ಪಾಲು ನೀರು ಕಲಸಿ ಬಟಾಟಿ ಬಿಟ್ಟು ನೋಡಿ: ಪಿಷ್ಟ ತುಂಬಿದ್ದು ಮುಳುಗುತ್ತದೆ, ನೀರು ಹೆಚ್ಚಿದ್ದು ತೇಲುತ್ತದೆ. ಮುದ್ದೆಗೆ ಮುಳುಗಿದ್ದನ್ನು ಆರಿಸಿ, ತೇಲಿದ್ದನ್ನು ಸಾರಿಗೆ ಇಡಿ.

ಕೊಳವೆಬಾವಿಯ ನೀರು ಗಡಸಾಗಿದ್ದರೆ ಅದರ ಕ್ಯಾಲ್ಸಿಯಂ ಪೆಕ್ಟಿನ್ ಅನ್ನು ಬಿಗಿ ಮಾಡುತ್ತದೆ, ಬೇಯುವುದು ತಡವಾಗುತ್ತದೆ. ಹುಳಿಯದೂ ಅದೇ ಕೆಲಸ. ಹುಣಸೆ, ನಿಂಬೆ ಏನಿದ್ದರೂ ಬಟಾಟಿ ಮೆತ್ತಗಾದ ಮೇಲೆ.

ನನಗೆ ಅತ್ಯಂತ ಚೆಲುವಾಗಿ ಕಾಣುವುದು ಇನ್ನೊಂದು ಉಪಾಯ. 1950ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಒಣ ಬಟಾಟಿ ಚಕ್ಕೆ ತಯಾರಿಸುವ ವಿಧಾನ ರೂಪಿಸಿದರು. ಹೋಳುಗಳನ್ನು ಮೊದಲು ಸುಮಾರು 70 ಡಿಗ್ರಿಯ ನೀರಿನಲ್ಲಿ ಇಪ್ಪತ್ತು-ಮೂವತ್ತು ನಿಮಿಷ ಇಟ್ಟು, ತಣ್ಣೀರಿನಲ್ಲಿ ಆರಿಸಿ, ಆಮೇಲೆ ಪೂರ್ತಿ ಬೇಯಿಸುವುದು. ನಡುವೆ ಆರುವಾಗ ಅಮೈಲೋಸ್ ಕೋಶದೊಳಗೇ ಗಟ್ಟಿಯಾಗಿ ನಿಲ್ಲುತ್ತದೆ; ಮುಂದೆ ಬೆಂದರೂ ಸುಲಭವಾಗಿ ಸೋರುವುದಿಲ್ಲ. ಮನೆಯಲ್ಲಿ ಥರ್ಮಾಮೀಟರ್ ಬೇಕಿಲ್ಲ: ನೀರು ಹಬೆಯಾಡುತ್ತಿರಲಿ, ಕುದಿಯದಿರಲಿ. ಕುಕ್ಕರಿನಲ್ಲಿ ಮೂರ್ನಾಲ್ಕು ಸೀಟಿ ಹೊಡೆಸಿದರೆ ಈ ಹಂತವೇ ಸಿಗದು, ಹೊರಭಾಗ ಸಿಡಿದು ಒಳಗೆ ನೀರು ಸೇರುತ್ತದೆ.

ಬೆಂದ ಹೋಳುಗಳ ನೀರು ಬಸಿದು, ಬರಿ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಹಬೆ ಹೋಗುವವರೆಗೆ ಆಡಿಸಿ. ಒರಳಿನಲ್ಲಿ ಒತ್ತಿ, ಮೊದಲು ಬೆಣ್ಣೆ, ಆಮೇಲೆ ಬಿಸಿ ಹಾಲು ಸ್ವಲ್ಪಸ್ವಲ್ಪವಾಗಿ ಸೇರಿಸಿ ಸೌಟಿನಿಂದ ಮೆಲ್ಲಗೆ ಮಗುಚಿ. ಹೆಚ್ಚು ಕಡೆಯಬೇಡಿ. ಮರುದಿನ ಮುದ್ದೆ ಬಿರುಸಾದರೆ ಒಂದಿಷ್ಟು ಬಿಸಿ ಹಾಲು ಸುರಿದು ಕಾಯಿಸಿದರೆ ಸಾಕು.